ನೆರಳು ನಿಂತದ್ದು ಹೇಗೆ

ಮೊಬೈಲು ಕ್ಯಾಮೆರಾವನ್ನು ನುಂಗಿಹಾಕುವ ಮುನ್ನ ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಎರಡು ಕ್ರಿಯಾಪದಗಳು ಜೋಡಿಯಾಗಿ ಓಡಾಡುತ್ತಿದ್ದವು. ಫೋಟೋ ತೆಗೆಸುವುದು ಒಂದು, ರೀಲು ತೊಳೆಸುವುದು ಇನ್ನೊಂದು. ಮದುವೆಯ ಫೋಟೋ ತೆಗೆದಾಗಿದೆ, ಆದರೆ ರೀಲು ತೊಳೆದಿಲ್ಲ ಎಂದರೆ ಕೈಯಲ್ಲಿ ಇನ್ನೂ ಏನೂ ಇಲ್ಲವೆಂದೇ ಅರ್ಥ. ಇಂಗ್ಲಿಷಿನವರ 'ಡೆವಲಪ್' ಚಿತ್ರ ಅರಳಿ ಬರುವುದನ್ನು ಹೇಳುತ್ತದೆ. ನಮ್ಮವರ 'ತೊಳೆಸು' ಬೇಡವಾದದ್ದು ಹೋಗಲೇಬೇಕು ಎಂಬುದನ್ನು ಹೇಳುತ್ತದೆ. ಫೋಟೋಗ್ರಫಿಯ ಚರಿತ್ರೆಯನ್ನು ಬರೆದವರು ಬಹುಪಾಲು ಮೊದಲನೆಯ ಕ್ರಿಯಾಪದದ ಬೆನ್ನು ಹತ್ತಿದ್ದಾರೆ. ಮೊದಲು ತೆಗೆದವರು ಯಾರು ಎಂಬುದೇ ಅವರ ಪ್ರಶ್ನೆ. ಫ್ರೆಂಚರು ನಿಯೆಪ್ಸ್ ಮತ್ತು ಡಗೇರ್ ಹೆಸರನ್ನು ಮುಂದಿಡುತ್ತಾರೆ, ಇಂಗ್ಲಿಷರು ಟಾಲ್ಬಟ್‌ನನ್ನು, ಬ್ರೆಜಿಲ್‌ನವರು ಎರ್ಕ್ಯುಲ್ ಫ್ಲೋರೆನ್ಸ್‌ನನ್ನು. ಈ ಜಗಳ ತೀರದಿರುವುದಕ್ಕೆ ದಾಖಲೆಗಳ ಕೊರತೆ ಕಾರಣವಲ್ಲ, ದಾಖಲೆಗಳು ಬೇಕಾದಷ್ಟಿವೆ. ಪ್ರಶ್ನೆ ತಪ್ಪು ಜಾಗದಲ್ಲಿ ನಿಂತಿದೆ. ಬೆಳಕಿನಿಂದ ಚಿತ್ರ ಮೂಡಿಸುವುದು, ಫೋಟೋಗ್ರಫಿಯ ಸುದ್ದಿ ಲೋಕಕ್ಕೆ ಹೊರಬಿದ್ದ 1839ಕ್ಕೆ ಬಹಳ ಹಿಂದೆಯೇ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು, ಮೂಡಿಸಿದ ಬೆಳಕನ್ನು ಅಲ್ಲಿಗೇ ನಿಲ್ಲಿಸುವುದು. ಫೋಟೋಗ್ರಫಿಯ ಹುಟ್ಟನ್ನು ತೊಳೆಸುವ ಕಡೆಯಿಂದ ನೋಡಿದರೆ ಹಳೆಯ ಸಂಗತಿಗಳೇ ಬೇರೆ ಕ್ರಮದಲ್ಲಿ ಕೂರುತ್ತವೆ.

ಮೊದಲು ಪೆಟ್ಟಿಗೆಯ ವಿಚಾರ. ಕತ್ತಲೆ ಕೋಣೆಯ ಸಣ್ಣ ರಂಧ್ರದಿಂದ ಹೊರಗಿನ ನೋಟ ತಲೆಕೆಳಗಾಗಿ ಎದುರು ಗೋಡೆಯ ಮೇಲೆ ಬೀಳುವುದನ್ನು ಚೀನಾದ ಮೋಜಿಯ ಅನುಯಾಯಿಗಳು ಕ್ರಿಸ್ತಪೂರ್ವದಲ್ಲೇ ಗುರುತಿಸಿದ್ದರು. ಹನ್ನೊಂದನೆಯ ಶತಮಾನದಲ್ಲಿ ಇಬ್ನ್ ಅಲ್ ಹೈಥಮ್ ಗ್ರಹಣದ ಸೂರ್ಯನನ್ನು ಹಾಗೆ ನೋಡಿ ವಿವರಿಸಿದ. 1568ರಲ್ಲಿ ವೆನಿಸ್ಸಿನ ಡ್ಯಾನಿಯೆಲೆ ಬಾರ್ಬಾರೊ ರಂಧ್ರಕ್ಕೆ ಮಸೂರ ಕೂರಿಸುವುದನ್ನು ಬರೆದ. ಹದಿನೆಂಟನೆಯ ಶತಮಾನದ ಹೊತ್ತಿಗೆ ಚಿತ್ರಕಾರರು ಬಗಲಲ್ಲಿ ಇಟ್ಟುಕೊಂಡು ತಿರುಗುವಷ್ಟು ಅದು ಚಿಕ್ಕದಾಗಿತ್ತು. ರಸಾಯನದ ಕಡೆಯ ಕತೆಯೂ ಚಿಕ್ಕದಲ್ಲ. ಬೆಳ್ಳಿಯ ಲವಣ ಬಿಸಿಲಿಗೆ ಕಪ್ಪಾಗುವುದನ್ನು 1614ರಲ್ಲಿ ಆಂಜೆಲೊ ಸಾಲಾ ಬರೆದಿದ್ದ. ಕಪ್ಪು ಮಾಡುವುದು ಶಾಖವೋ ಬೆಳಕೋ ಎಂಬ ಅನುಮಾನವನ್ನು ಬಗೆಹರಿಸಿದವನು ಜರ್ಮನಿಯ ಯೋಹಾನ್ ಹೈನ್ರಿಶ್ ಶುಲ್ಜೆ. ಬೆಳ್ಳಿ ಬೆರೆತ ಆಮ್ಲದಲ್ಲಿ ಸುಣ್ಣದ ಪುಡಿ ಕಲಸಿಟ್ಟ ಸೀಸೆಯ ಕಿಟಕಿಯ ಕಡೆಯ ಮೈ ಮಾತ್ರ ಕಪ್ಪಾದದ್ದನ್ನು ಅವನು ಕಂಡ. ಒಲೆಯ ಬಿಸಿಗೆ ಹಿಡಿದರೆ ಅದು ಕಪ್ಪಾಗಲಿಲ್ಲ. ಆಮೇಲೆ ಕಾಗದದಲ್ಲಿ ಅಕ್ಷರ ಕತ್ತರಿಸಿ ಸೀಸೆಗೆ ಸುತ್ತಿ ಬಿಸಿಲಿಗಿಟ್ಟ. ಒಳಗಿನ ಬಿಳಿಯ ಮೇಲೆ ಅಕ್ಷರಗಳು ಕಪ್ಪಾಗಿ ಮೂಡಿದವು. ಸೀಸೆಯನ್ನು ಒಮ್ಮೆ ಅಲ್ಲಾಡಿಸಿದರೆ ಅಕ್ಷರಗಳು ಕಲಸಿಹೋಗುತ್ತಿದ್ದವು. ಬೆಳಕು ಬರೆದ ಬರಹ ಇದು ನಿಜ. ಇದನ್ನು ಫೋಟೋ ಎನ್ನಲು ಮನಸ್ಸು ಒಪ್ಪದಿರುವುದಕ್ಕೆ ಕಾರಣ ಅದು ಉಳಿಯಲಿಲ್ಲ ಎಂಬುದೊಂದೇ.

ಸಮಸ್ಯೆ ತನ್ನ ನಿಜರೂಪದಲ್ಲಿ ಎದ್ದು ಬಂದದ್ದು 1802ರಲ್ಲಿ. ಪಿಂಗಾಣಿ ತಯಾರಿಕೆಗೆ ಹೆಸರಾದ ಜೋಸಯ ವೆಜ್‌ವುಡ್‌ನ ಮಗ ಥಾಮಸ್ ವೆಜ್‌ವುಡ್, ಬೆಳ್ಳಿಯ ನೈಟ್ರೇಟು ಸವರಿದ ಕಾಗದ ಮತ್ತು ಬಿಳಿ ಚರ್ಮದ ಮೇಲೆ ಎಲೆಗಳನ್ನೂ ಗಾಜಿನ ಮೇಲಿನ ಚಿತ್ರಗಳನ್ನೂ ಇಟ್ಟು ಬಿಸಿಲಿಗೆ ಒಡ್ಡಿ ಅವುಗಳ ಪಡಿಯಚ್ಚು ಇಳಿಸುತ್ತಿದ್ದ. ಅವನ ಗೆಳೆಯ ಹಂಫ್ರಿ ಡೇವಿ, ಆಗಿನ್ನೂ 23 ವರ್ಷದವನು, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್ನಿನ ಪತ್ರಿಕೆಯಲ್ಲಿ ಈ ಪ್ರಯೋಗಗಳ ವರದಿ ಬರೆದ. ಚಿತ್ರಗಳು ಚೆನ್ನಾಗಿ ಮೂಡುತ್ತಿದ್ದವು. ಆದರೆ ಅವುಗಳನ್ನು ನೋಡುವ ಹಾಗಿರಲಿಲ್ಲ! ಹಗಲಿಗೆ ತಂದರೆ ಬಿಳಿಯಾಗಿ ಉಳಿದಿದ್ದ ಭಾಗವೂ ಕಪ್ಪಾಗತೊಡಗಿ ಇಡೀ ಹಾಳೆ ಮಸಿಯಾಗುತ್ತಿತ್ತು. ಕತ್ತಲಲ್ಲಿ ಮುಚ್ಚಿಟ್ಟು, ಮೇಣದ ಬತ್ತಿಯ ಬೆಳಕಿನಲ್ಲಿ ಒಂದಿಷ್ಟು ಹೊತ್ತು ನೋಡಿ, ಮತ್ತೆ ಮುಚ್ಚಿಡಬೇಕು. ಬಿಳಿಯ ಭಾಗ ಕಪ್ಪಾಗದಂತೆ ತಡೆಯುವ ಉಪಾಯವೊಂದು ಸಿಕ್ಕಿದರೆ ಈ ವಿಧಾನ ಉಪಯುಕ್ತವೂ ಸೊಗಸೂ ಆದೀತು ಎಂಬ ಅಭಿಪ್ರಾಯದೊಂದಿಗೆ ಡೇವಿ ವರದಿ ಮುಗಿಸಿದ. ಬೇನೆಯ ಮನುಷ್ಯನಾಗಿದ್ದ ವೆಜ್‌ವುಡ್ 1805ರಲ್ಲಿ ತೀರಿಕೊಂಡ. ಡೇವಿ ಬೇರೆ ಕೆಲಸಗಳಿಗೆ ಹೊರಟುಹೋದ.

ಆ ಉಪಾಯ ಆಗ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಲು ಕಾಲ ಬರಬೇಕಿತ್ತು, ಇದರಲ್ಲಿ ವಿಶೇಷವೇನು ಎಂದು ಕೇಳಬಹುದು. ವಿಶೇಷ ಇರುವುದು ಇಲ್ಲೇ: ಉಪಾಯ ಅಚ್ಚಾಗಿತ್ತು. ಸ್ವೀಡನ್ನಿನ ಕಾರ್ಲ್ ಶೀಲೆ 1777ರಲ್ಲಿ ಪ್ರಕಟಿಸಿದ ಗಾಳಿ ಮತ್ತು ಬೆಂಕಿಯ ಕುರಿತ ಪುಸ್ತಕದಲ್ಲಿ ಬೆಳ್ಳಿಯ ಕ್ಲೋರೈಡು ಬಿಸಿಲಿಗೆ ಕಪ್ಪಾಗುವುದನ್ನು ಪರೀಕ್ಷಿಸಿದ್ದ. ಕಪ್ಪಾದ ಪುಡಿಗೆ ಅಮೋನಿಯಾ ಹಾಕಿದರೆ ಬೆಳಕು ತಾಗದ ಕ್ಲೋರೈಡು ಕರಗಿಹೋಗುತ್ತದೆ, ಕಪ್ಪಾದದ್ದು ಕರಗದೆ ಬೆಳ್ಳಿಯಾಗಿ ಉಳಿಯುತ್ತದೆ ಎಂದು ಅವನು ಬರೆದಿದ್ದಾನೆ. ಅಮೋನಿಯಾದಲ್ಲಿ ತೊಳೆದರೆ ಸಾಕು ಎಂಬುದೇ ಇದರ ಅರ್ಥ. ಡೇವಿ ಶೀಲೆಯನ್ನು ಓದಿರಲಿಲ್ಲವೇ? ಓದಿದ್ದ. ಬೆಳಕಿನ ಬಣ್ಣಗಳಲ್ಲಿ ನೇರಳೆ ಬೇಗ ಕಪ್ಪು ಮಾಡುತ್ತದೆ, ಕೆಂಪು ಅಷ್ಟಾಗಿ ಮಾಡುವುದಿಲ್ಲ ಎಂಬ ಶೀಲೆಯ ಮಾತನ್ನು ಆ 1802ರ ವರದಿಯಲ್ಲೇ ಹೆಸರು ಹೇಳಿ ಎತ್ತಿಕೊಂಡಿದ್ದಾನೆ. ಬೀಗದ ಕೈ ಇದ್ದ ಪುಸ್ತಕವನ್ನೇ ಬಿಡಿಸಿ ಬೇರೆ ಪುಟ ಓದಿ ಮುಚ್ಚಿದ ಹಾಗಾಯಿತು. ಇದನ್ನು ಡೇವಿಯ ದಡ್ಡತನ ಎನ್ನಲಾಗದು. ಅವನ ಕಾಲದ ಅತಿ ಚುರುಕಿನ ರಸಾಯನ ವಿಜ್ಞಾನಿಗಳಲ್ಲಿ ಅವನೊಬ್ಬ. ಅವನ ಮಟ್ಟಿಗೆ ಕಪ್ಪಾಗುವ ಲವಣ ಬೆಳಕಿನ ಸ್ವಭಾವ ತಿಳಿಯುವ ಒಂದು ಸಾಧನವಾಗಿತ್ತು. ಸಾಧನದ ಮೇಲೆ ಮೂಡಿದ ಗುರುತು ಓದಿ ಮುಗಿದ ಮೇಲೆ ಇದ್ದರೇನು, ಹೋದರೇನು? ನಿಲ್ಲಿಸುವ ಚಿಂತೆ ಬರುವುದು ಚಿತ್ರವನ್ನು ಒಂದು ವಸ್ತುವಾಗಿ ಕೈಯಲ್ಲಿ ಇಟ್ಟುಕೊಳ್ಳಬೇಕಾದವರಿಗೆ.

ಅಂಥ ಅಗತ್ಯವಿದ್ದವನು ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್. ಶಲೋನ್ ಪಟ್ಟಣದ ಹತ್ತಿರದ ಸಾಂ ಲೂ ದ ವಾರೆನ್ ಎಂಬ ಹಳ್ಳಿಯ ಈ ಜಮೀನುದಾರನಿಗೆ ಹೊಸದಾಗಿ ಬಂದಿದ್ದ ಕಲ್ಲಚ್ಚಿನ ಹುಚ್ಚು. 1816ರಲ್ಲೇ ಬೆಳ್ಳಿಯ ಕ್ಲೋರೈಡಿನ ಕಾಗದವನ್ನು ಕ್ಯಾಮೆರಾದೊಳಗಿಟ್ಟು ಚಿತ್ರ ಪಡೆದ. ಅದು ನಿಲ್ಲದ್ದರಿಂದ ಬೆಳ್ಳಿಯನ್ನೇ ಕೈಬಿಟ್ಟು, ಬೆಳಕಿಗೆ ಕಪ್ಪಾಗುವ ವಸ್ತುವಿನ ಬದಲು ಬೆಳಕಿಗೆ ಗಟ್ಟಿಯಾಗುವ ವಸ್ತುವನ್ನು ಹುಡುಕಿದ. ಡಾಂಬರಿನ ಜಾತಿಯ ಬಿಟುಮೆನ್ ಸವರಿದ ಫಲಕವನ್ನು ಬೆಳಕಿಗೊಡ್ಡಿ, ಗಟ್ಟಿಯಾಗದ ಭಾಗವನ್ನು ಲ್ಯಾವೆಂಡರ್ ಎಣ್ಣೆ ಬೆರೆಸಿದ ದ್ರವದಿಂದ ತೊಳೆದುಹಾಕುತ್ತಿದ್ದ. 1826-27ರ ಹೊತ್ತಿಗೆ ಮನೆಯ ಮಹಡಿಯ ಕಿಟಕಿಯಿಂದ ಕಾಣುವ ಸೂರು, ಗೋಪುರಗಳನ್ನು ಹೀಗೆ ಒಂದು ತವರದ ಮಿಶ್ರಲೋಹದ ಫಲಕದ ಮೇಲೆ ಇಳಿಸಿದ. ಕ್ಯಾಮೆರಾದಿಂದ ಪಡೆದು ಇಂದಿಗೂ ಉಳಿದಿರುವ ಅತಿ ಹಳೆಯ ಚಿತ್ರ ಅದು. 1952ರಲ್ಲಿ ಹೆಲ್ಮುಟ್ ಗರ್ನ್‌ಶೈಮ್ ಅದನ್ನು ಪತ್ತೆ ಮಾಡಿದ; ಈಗ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿದೆ. ಬೆಳ್ಳಿ ಇಲ್ಲ, ಆದರೂ ಚಿತ್ರ ನಿಂತಿತು. ಹಾಗಾದರೆ ನಿಮ್ಮ ವಾದ ಬಿದ್ದುಹೋಯಿತಲ್ಲ ಎಂದರೆ, ಇಲ್ಲ, ಗಟ್ಟಿಯಾಯಿತು. ಬೆಳ್ಳಿಯಲ್ಲಿ ಸೋತ ಮನುಷ್ಯ ಗೆದ್ದದ್ದು ಬೆಳಕು ತಾಗದ ಭಾಗವನ್ನು ತೊಳೆದು ತೆಗೆಯುವ ಹಾದಿ ಸಿಕ್ಕಿದ ಮೇಲೆಯೇ. ಬೆಲೆಯಾಗಿ ಅವನು ತೆತ್ತದ್ದು ವೇಗವನ್ನು. ಆ ಕಿಟಕಿಯ ಚಿತ್ರದಲ್ಲಿ ಎದುರುಬದುರಿನ ಗೋಡೆಗಳೆರಡರ ಮೇಲೂ ಬಿಸಿಲು ಬಿದ್ದಿದೆ, ಅಂದರೆ ಸೂರ್ಯ ಇಡೀ ಆಕಾಶ ದಾಟುವಷ್ಟು ಹೊತ್ತು ಕ್ಯಾಮೆರಾ ತೆರೆದಿತ್ತು. ಮನುಷ್ಯರ ಮುಖಕ್ಕೆ ಈ ವಿಧಾನ ನಿಲುಕುವಂತಿರಲಿಲ್ಲ. ಬೆಳಕಿಗೆ ಗಟ್ಟಿಯಾಗುವ ಪದರ, ಉಳಿದದ್ದನ್ನು ತೊಳೆಯುವುದು ಎಂಬ ಅದೇ ತತ್ವದಿಂದ ಇವತ್ತು ಕಂಪ್ಯೂಟರಿನ ಚಿಪ್ಪುಗಳನ್ನು ಕೊರೆಯುತ್ತಾರೆ ಎಂಬುದು ನಿಯೆಪ್ಸ್‌ಗೆ ತಡವಾಗಿ ಸಂದ ನ್ಯಾಯ.

1829ರಲ್ಲಿ ನಿಯೆಪ್ಸ್‌ನ ಜೊತೆ ಪಾಲುದಾರಿಕೆಗೆ ಸಹಿ ಹಾಕಿದ ಲೂಯಿ ಡಗೇರ್ ಪ್ಯಾರಿಸ್ಸಿನಲ್ಲಿ ಡಯೊರಾಮಾ ಎಂಬ ಚಿತ್ರಪ್ರದರ್ಶನ ನಡೆಸುತ್ತಿದ್ದ ರಂಗಪರದೆಗಳ ಚಿತ್ರಕಾರ. ನಿಯೆಪ್ಸ್ 1833ರಲ್ಲಿ ಸತ್ತ. 1835ರ ಸುಮಾರಿಗೆ ಡಗೇರ್ ಕಂಡುಕೊಂಡದ್ದು ದೊಡ್ಡದು: ಅಯೋಡಿನ್ ಹಾಯಿಸಿದ ಬೆಳ್ಳಿ ತಗಡನ್ನು ಕ್ಯಾಮೆರಾದಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕಣ್ಣಿಗೇನೂ ಕಾಣದು, ಪಾದರಸದ ಹೊಗೆ ಹಿಡಿದರೆ ಅಡಗಿದ್ದ ಚಿತ್ರ ಎದ್ದು ಬರುತ್ತದೆ. ಒಡೆದ ಥರ್ಮಾಮೀಟರು ಬೀರುವಿನಲ್ಲಿ ಈ ಗುಟ್ಟನ್ನು ಬಿಟ್ಟುಕೊಟ್ಟಿತು ಎಂಬ ಕತೆ ಇದೆ. ಕತೆಯೆಂದು ಕೇಳಿ ಬಿಡಬಹುದು. ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯಿತು. ಹಾಗಿದ್ದರೂ ಅವನು ಲೋಕದ ಮುಂದೆ ಬರಲು ಇನ್ನೂ ಎರಡು ವರ್ಷ ಕಾದ. 1837ರಲ್ಲಿ ಅಡುಗೆ ಉಪ್ಪಿನ ಗಟ್ಟಿ ದ್ರಾವಣದಲ್ಲಿ ತಗಡನ್ನು ಅದ್ದಿದರೆ ಚಿತ್ರ ಮುಂದೆ ಕೆಡುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ವಿಧಾನಕ್ಕೆ ತನ್ನ ಹೆಸರಿಟ್ಟದ್ದು, ಗಿರಾಕಿಗಳನ್ನು ಹುಡುಕಿದ್ದು. 1839ರ ಜನವರಿ 7ರಂದು ವಿಜ್ಞಾನಿ, ಸಂಸದ ಫ್ರಾನ್ಸ್ವಾ ಅರಾಗೊ ಫ್ರೆಂಚ್ ವಿಜ್ಞಾನ ಅಕಾಡೆಮಿಯಲ್ಲಿ ಸುದ್ದಿ ಹೊರಗೆಡಹಿದ. ಆಗಸ್ಟ್ 19ರಂದು ವಿವರಗಳನ್ನು ಬಹಿರಂಗ ಮಾಡಿದ. ಸರ್ಕಾರ ಡಗೇರ್‌ಗೆ ವರ್ಷಕ್ಕೆ 6000 ಫ್ರಾಂಕ್, ನಿಯೆಪ್ಸ್‌ನ ಮಗ ಇಸಿಡೋರ್‌ಗೆ 4000 ಫ್ರಾಂಕ್ ಪಿಂಚಣಿ ಕೊಟ್ಟು, ಈ ವಿದ್ಯೆಯನ್ನು ಲೋಕಕ್ಕೆ ದಾನ ಮಾಡಿದೆ ಎಂದು ಸಾರಿತು. ಆ ದಾನಕ್ಕೆ ಐದು ದಿನ ಮೊದಲು ಡಗೇರ್‌ನ ಪರವಾಗಿ ಇಂಗ್ಲೆಂಡಿನಲ್ಲಿ ಪೇಟೆಂಟಿಗೆ ಅರ್ಜಿ ಬಿದ್ದಿತ್ತು. ಲೋಕ ಎಂದರೆ ಇಂಗ್ಲೆಂಡು ಬಿಟ್ಟು ಎಂದಾಯಿತು.

ಜನವರಿಯ ಆ ಸುದ್ದಿ ಇಂಗ್ಲೆಂಡಿನ ವಿಲ್ಟ್‌ಶೈರಿನ ಲೇಕಾಕ್ ಅಬ್ಬೆಯಲ್ಲಿದ್ದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್‌ಗೆ ಸಿಡಿಲಿನಂತೆ ಬಡಿಯಿತು. ಅವನು 1834ರಿಂದಲೇ ಕಾಗದದ ಮೇಲೆ ಚಿತ್ರ ಮೂಡಿಸಿ, ಬೇರೆ ಕೆಲಸಗಳ ನಡುವೆ ಅದನ್ನು ಬದಿಗಿಟ್ಟಿದ್ದ. 1833ರ ಅಕ್ಟೋಬರಿನಲ್ಲಿ ಇಟಲಿಯ ಕೋಮೊ ಸರೋವರದ ದಡದಲ್ಲಿ ರೇಖಾಚಿತ್ರ ಬರೆಯಲು ಕೂತು, ಕೈ ಸಾಗದೆ, ನೋಟ ತಾನಾಗಿ ಕಾಗದದ ಮೇಲೆ ಅಚ್ಚಾಗಿ ಉಳಿದರೆ ಎಷ್ಟು ಚೆನ್ನ ಎಂದುಕೊಂಡದ್ದು ಅವನ ಹುಡುಕಾಟದ ಮೂಲ. ಉಳಿಯಬೇಕು ಎಂಬುದು ಮೊದಲ ಆಸೆಯಲ್ಲೇ ಸೇರಿತ್ತು. ಕಾಗದವನ್ನು ಉಪ್ಪುನೀರಿನಲ್ಲಿ ಅದ್ದಿ ಬೆಳ್ಳಿಯ ನೈಟ್ರೇಟು ಸವರುವಾಗ ಒಂದು ವಿಚಿತ್ರ ಅವನ ಕಣ್ಣಿಗೆ ಬಿತ್ತು: ಉಪ್ಪು ಕಡಿಮೆಯಾದ ಅಂಚುಗಳು ಬೇಗ ಕಪ್ಪಾಗುತ್ತವೆ, ಹೆಚ್ಚಾದ ಕಡೆ ನಿಧಾನ. ಹಾಗಾದರೆ ಚಿತ್ರ ಮೂಡಿದ ಮೇಲೆ ಉಪ್ಪನ್ನು ಗಟ್ಟಿಯಾಗಿ ಹಾಕಿದರೆ ಕಾಗದ ಮಂಕಾಗಿ ಸುಮ್ಮನಾಗಬೇಕು. ಆಯಿತು. ವೆಜ್‌ವುಡ್ ಎಡವಿದ ಕಲ್ಲನ್ನು ಟಾಲ್ಬಟ್ ದಾಟಿದ್ದು ಈ ಗಮನಿಕೆಯಿಂದ. 1835ರ ಆಗಸ್ಟಿನಲ್ಲಿ ಮನೆಯ ಜಾಲರಿ ಕಿಟಕಿಯನ್ನು ಅಂಚೆಚೀಟಿಯಷ್ಟು ಕಾಗದದ ಮೇಲೆ ಇಳಿಸಿದ. ಉಳಿದಿರುವ ಅತಿ ಹಳೆಯ ನೆಗೆಟಿವ್ ಅದು. ಅದರ ಪಕ್ಕ ಅವನೇ ಬರೆದಿಟ್ಟ ಟಿಪ್ಪಣಿಯಲ್ಲಿ, ಮೊದಲು ಮೂಡಿದಾಗ ಸುಮಾರು 200 ಗಾಜಿನ ಚೌಕಗಳನ್ನು ಮಸೂರ ಹಿಡಿದು ಎಣಿಸಬಹುದಾಗಿತ್ತು ಎಂಬ ಅರ್ಥದ ಮಾತಿದೆ. 'ಮೊದಲು ಮೂಡಿದಾಗ' ಎಂಬಲ್ಲಿ ಸತ್ಯ ಅಡಗಿದೆ. ಉಪ್ಪು ಬೆಳಕಿನ ಕೈಯನ್ನು ಹಿಡಿದು ಎಳೆಯಿತೇ ಹೊರತು ಕಟ್ಟಿಹಾಕಲಿಲ್ಲ, ಏಕೆಂದರೆ ಕಪ್ಪಾಗದ ಲವಣ ಕಾಗದದಲ್ಲೇ ಉಳಿದಿತ್ತು. ಹಾಗೆ ಉಳಿಸಿದ ಚಿತ್ರಗಳು ತಿಳಿನೇರಳೆ, ಅಯೋಡೈಡಿನಲ್ಲಿ ಅದ್ದಿದವು ತಿಳಿಹಳದಿ ಬಣ್ಣಕ್ಕೆ ತಿರುಗಿದವು. ಅಂಥ ಹಾಳೆಗಳು ಇಂದಿಗೂ ಬೆಳಕಿಗೆ ಸ್ಪಂದಿಸುತ್ತವೆಯೆಂದು ಮ್ಯೂಸಿಯಮ್ಮುಗಳು ಅವನ್ನು ಕತ್ತಲಲ್ಲಿ ಕಾಯುತ್ತವೆ. ವೆಜ್‌ವುಡ್‌ನ ಮೇಣದ ಬತ್ತಿ ಪೂರ್ತಿ ಆರಿಲ್ಲ.

ಅದನ್ನು ಆರಿಸಿದವನು ಖಗೋಳ ವಿಜ್ಞಾನಿ ಜಾನ್ ಹರ್ಷೆಲ್, ಅದೂ ಒಂದು ವಾರದಲ್ಲಿ. ಡಗೇರ್‌ನ ಸುದ್ದಿ ಜನವರಿ 22ರ ಸುಮಾರಿಗೆ ಅವನಿಗೆ ಮುಟ್ಟಿತು. ವಿಧಾನ ಏನೆಂದು ಅದರಲ್ಲಿರಲಿಲ್ಲ. 29ರಂದು ತನ್ನ ಪ್ರಯೋಗದ ಪುಸ್ತಕದಲ್ಲಿ ಬೇಕಾದ ಮೂರು ಸಂಗತಿಗಳನ್ನು ಗುರುತಿಸಿಕೊಂಡ: ಬೇಗ ಸ್ಪಂದಿಸುವ ಕಾಗದ, ಒಳ್ಳೆಯ ಕ್ಯಾಮೆರಾ, ಮುಂದಿನ ಕ್ರಿಯೆಯನ್ನು ತಡೆಯುವ ಸಾಧನ. ನಿಲ್ಲಿಸುವುದನ್ನು ಸ್ವತಂತ್ರ ಪ್ರಶ್ನೆಯಾಗಿ ಬಿಡಿಸಿ ಇಟ್ಟ ಕೂಡಲೇ ಉತ್ತರ ಅವನ ಕಪಾಟಿನಲ್ಲೇ ಸಿಕ್ಕಿತು. ಹೈಪೋಸಲ್ಫೈಟ್ ಎಂದು ಆಗ ಕರೆಯುತ್ತಿದ್ದ ಲವಣ ಬೆಳ್ಳಿಯ ಲವಣಗಳನ್ನು ಸಕ್ಕರೆ ಕರಗಿದಂತೆ ಕರಗಿಸುತ್ತದೆಂದು ಅವನೇ 1819ರಲ್ಲಿ ಕಂಡುಹಿಡಿದಿದ್ದ. ಅದರಲ್ಲಿ ಅದ್ದಿ, ನೀರಿನಲ್ಲಿ ತೊಳೆದ ಹಾಳೆಯನ್ನು ಬಿಸಿಲಿಗೆ ಹಿಡಿದ. ಬಿಳಿ ಬಿಳಿಯಾಗಿಯೇ ಉಳಿಯಿತು. ಇಪ್ಪತ್ತು ವರ್ಷ ಕೈಯಲ್ಲೇ ಇದ್ದ ಉತ್ತರಕ್ಕೆ ಪ್ರಶ್ನೆ ಹುಟ್ಟಿದ್ದು ಆ ದಿನ. ಫೆಬ್ರವರಿ 1ರಂದು ಮನೆಗೆ ಬಂದ ಟಾಲ್ಬಟ್‌ಗೆ ಹರ್ಷೆಲ್ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ, ಪೇಟೆಂಟು ಬಯಸಲಿಲ್ಲ. ಕೆಲವೇ ವಾರಗಳಲ್ಲಿ ಸಂಗತಿ ಪ್ಯಾರಿಸ್ಸಿಗೂ ತಲುಪಿ, ಡಗೇರ್ ಉಪ್ಪನ್ನು ಬಿಟ್ಟು ಹೈಪೋ ಹಿಡಿದ. ತಗಡಿನವನೂ ಕಾಗದದವನೂ ಬೇರೆ ಬೇರೆ ದಾರಿಯಲ್ಲಿ ಬಂದು ಸೇರಿದ ತೊಟ್ಟಿ ಒಂದೇ. ನಮ್ಮ ಸ್ಟುಡಿಯೋಗಳ ಡಾರ್ಕ್‌ರೂಮುಗಳು ಮುಚ್ಚುವವರೆಗೂ ಮೂಗಿಗೆ ಹೊಡೆಯುತ್ತಿದ್ದ ಹೈಪೋ ಅದೇ.

ಈ ವಾದಕ್ಕೆ ಎರಡು ಆಕ್ಷೇಪಗಳು ಬರುತ್ತವೆ, ಎರಡೂ ತೂಕದವು. ಮೊದಲನೆಯದು, ಅಡಗಿದ ಚಿತ್ರವನ್ನು ಎಬ್ಬಿಸುವ ವಿದ್ಯೆಯಿಲ್ಲದೆ ಬರೀ ನಿಲ್ಲಿಸುವುದರಿಂದ ಏನಾಗುತ್ತಿತ್ತು ಎಂಬುದು. ಎಲೆ, ಲೇಸುಗಳ ನೆರಳನ್ನು ನಿಲ್ಲಿಸಿಕೊಂಡು ಕೂರಬಹುದಿತ್ತು, ಮನುಷ್ಯರ ಮುಖ ಸಿಗುತ್ತಿರಲಿಲ್ಲ. ಇದನ್ನು ಒಪ್ಪಲೇಬೇಕು. 1840ರ ಸೆಪ್ಟೆಂಬರಿನಲ್ಲಿ ಟಾಲ್ಬಟ್ ಕೂಡ ಗ್ಯಾಲಿಕ್ ಆಮ್ಲದಿಂದ ಕಾಗದದ ಮೇಲಿನ ಅಡಗಿದ ಚಿತ್ರವನ್ನು ಎಬ್ಬಿಸಲು ಕಲಿತ ಮೇಲೆಯೇ ಅವನ ಕಾಗದ ತಗಡಿಗೆ ಸರಿಸಾಟಿಯಾಯಿತು. ಫೋಟೋಗ್ರಫಿ ಉದ್ಯೋಗವಾದದ್ದು ಆ ಶೋಧದಿಂದ. ಆದರೆ ಹುಟ್ಟುವುದು ಬೇರೆ, ದುಡಿಯಲು ಶುರು ಮಾಡುವುದು ಬೇರೆ. ಎಬ್ಬಿಸಿ ನಿಲ್ಲಿಸಲಾಗದ ಚಿತ್ರ ಶುಲ್ಜೆಯ ಸೀಸೆಗೆ ಮರಳುತ್ತದೆ. ನಿಧಾನವಾಗಿ ಮೂಡಿ ನಿಂತ ಚಿತ್ರ ನಿಯೆಪ್ಸ್‌ನ ಫಲಕದಂತೆ ಇನ್ನೂರು ವರ್ಷ ಉಳಿಯುತ್ತದೆ. ಎರಡನೆಯದು ಇತಿಹಾಸಕಾರ ಜೆಫ್ರಿ ಬ್ಯಾಚೆನ್ 1997ರ ತನ್ನ ಪುಸ್ತಕದಲ್ಲಿ ಮಂಡಿಸಿದ ವಿಚಾರಕ್ಕೆ ಹತ್ತಿರವಾದದ್ದು: 1800ರ ಆಚೀಚೆ ಯೂರೋಪಿನ ಹಲವು ಮೂಲೆಗಳಲ್ಲಿ ಹಲವರಿಗೆ ಒಟ್ಟಿಗೇ ಇಂಥ ಚಿತ್ರದ ಹಂಬಲ ಹುಟ್ಟಿತು, ಕೇಳಬೇಕಾದದ್ದು ಆ ಹಂಬಲ ಆಗಲೇ ಏಕೆ ಹುಟ್ಟಿತು ಎಂದು. ಒಳ್ಳೆಯ ಪ್ರಶ್ನೆ. ಆದರೆ ಹಂಬಲದಲ್ಲಿ ವೆಜ್‌ವುಡ್ ಯಾರಿಗೇನು ಕಡಿಮೆಯಿದ್ದ?

ಹಂಬಲಕ್ಕೂ ಅಗತ್ಯಕ್ಕೂ ಇರುವ ಅಂತರವನ್ನು ಬ್ರೆಜಿಲ್ಲಿನ ಉದಾಹರಣೆ ತೋರಿಸುತ್ತದೆ. ನೀಸ್‌ನಲ್ಲಿ ಹುಟ್ಟಿದ ಎರ್ಕ್ಯುಲ್ ಫ್ಲೋರೆನ್ಸ್ ಇಂದಿನ ಕಂಪೀನಾಸ್‌ನಲ್ಲಿ ನೆಲೆಸಿದ್ದ. ಕೈಗೆಟುಕುವಂತೆ ಅಚ್ಚುಕೂಟವಿಲ್ಲದ ಜಾಗ. ಅವನಿಗೆ ತನ್ನ ಬರಹ, ಚಿತ್ರಗಳ ಪ್ರತಿಗಳು ಬೇಕಿದ್ದವು. 1833ರಲ್ಲಿ ಊರಿನ ಔಷಧ ತಯಾರಕನೊಬ್ಬನ ನೆರವಿನಿಂದ ಬೆಳ್ಳಿಯ ನೈಟ್ರೇಟಿನ ಪ್ರಯೋಗ ಶುರು ಮಾಡಿ, ಬಾಟಲಿಗಳ ಚೀಟಿಗಳನ್ನೂ ಒಂದು ಮೇಸನ್ ಸಂಘದ ಪ್ರಮಾಣಪತ್ರವನ್ನೂ ಬೆಳಕಿನಿಂದಲೇ ಅಚ್ಚು ಹಾಕಿದ. 1834ರಲ್ಲೇ ತನ್ನ ದಿನಚರಿಯಲ್ಲಿ ಫೋಟೋಗ್ರಫಿ ಎಂಬ ಪದವನ್ನು ಫ್ರೆಂಚಿನಲ್ಲಿ ಬಳಸಿದ. ನಿಲ್ಲಿಸಲು ಏನು ಮಾಡಿದ? ಶೀಲೆ ಹೇಳಿದ್ದ ಅಮೋನಿಯಾವನ್ನೇ ಹಿಡಿದ. ಅಮೋನಿಯಾಕ್ಕಾಗಿ ಮೂತ್ರದಲ್ಲೂ ತೊಳೆದ. ಲಂಡನ್ನಿನ ಸುಸಜ್ಜಿತ ಪ್ರಯೋಗಶಾಲೆಯಲ್ಲಿ ಆಗದ ಕೆಲಸ ದಕ್ಷಿಣ ಅಮೆರಿಕದ ಒಂದು ಹಳ್ಳಿಪೇಟೆಯಲ್ಲಿ ಮೂತ್ರದ ಪಾತ್ರೆಯಲ್ಲಿ ಆಯಿತು. 1976ರಲ್ಲಿ ಬೊರಿಸ್ ಕೊಸೊಯ್ ಅವರ ಪ್ರಯತ್ನದಿಂದ ಅಮೆರಿಕದಲ್ಲಿ ಅವನ ಬರಹಗಳನ್ನು ಆಧರಿಸಿ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದ್ದಾರೆ. ಫ್ಲೋರೆನ್ಸ್‌ನ ವಿದ್ಯೆ ಅವನ ಊರಿನಾಚೆ ಹೋಗಲಿಲ್ಲ, ಯಾರಿಗೂ ದಾರಿ ತೋರಲಿಲ್ಲ. ಅದು ಬೇರೆ ಮಾತು; ತಡೆ ಇದ್ದದ್ದು ತಿಳಿವಳಿಕೆಯಲ್ಲಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಹೈಪೋ ಬಂದ ಮೇಲೆ ಎಲ್ಲವೂ ಸುಖವಾಯಿತೆಂದಲ್ಲ. ಟಾಲ್ಬಟ್ 1844ರಿಂದ 1846ರವರೆಗೆ ಕಂತುಗಳಲ್ಲಿ ಹೊರತಂದ 'ದ ಪೆನ್ಸಿಲ್ ಆಫ್ ನೇಚರ್' ಪುಸ್ತಕಕ್ಕೆ ನಿಜವಾದ ಫೋಟೋಗಳನ್ನೇ ಅಂಟಿಸಲಾಗಿತ್ತು. ಅವುಗಳಲ್ಲಿ ಅನೇಕ ಪ್ರತಿಗಳು ಮಾಸಿದವು. 1855ರಲ್ಲಿ ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿ ಚಿತ್ರಗಳು ಏಕೆ ಮಾಸುತ್ತವೆಂದು ತನಿಖೆಗೆ ಒಂದು ಸಮಿತಿಯನ್ನೇ ನೇಮಿಸಬೇಕಾಯಿತು. ದೋಷಿ ಹೈಪೋವೇ: ಸರಿಯಾಗಿ ತೊಳೆಯದೆ ಕಾಗದದಲ್ಲಿ ಉಳಿದ ಹೈಪೋ ಮೆಲ್ಲಗೆ ಬೆಳ್ಳಿಯನ್ನು ತಿನ್ನುತ್ತಿತ್ತು. ನಿಲ್ಲಿಸಿದ್ದನ್ನೂ ತೊಳೆದು ಹಾಕಬೇಕು. ನಮ್ಮವರ ಕ್ರಿಯಾಪದ ಇಲ್ಲಿಯೂ ಸರಿಯಾಗಿ ಕೂರುತ್ತದೆ. ಹೆಸರಿನ ವಿಷಯದಲ್ಲೂ ಕನ್ನಡದ ಆಯ್ಕೆ ಗಮನಿಸತಕ್ಕದ್ದು. 1839ರ ಮಾರ್ಚಿನಲ್ಲಿ ಹರ್ಷೆಲ್ ರಾಯಲ್ ಸೊಸೈಟಿಯ ಮುಂದಿಟ್ಟು ಚಾಲ್ತಿಗೆ ತಂದ ಪದದ ಅರ್ಥ ಬೆಳಕಿನ ಬರಹ. ಟಾಲ್ಬಟ್‌ಗೆ ಮೊದಲು ಹೊಳೆದಿದ್ದ ಹೆಸರು ನೆರಳಿನ ಬರಹ ಎಂಬರ್ಥದ್ದು, ಅವನ ಮೊದಲ ಪ್ರಬಂಧದಲ್ಲಿ ನೆರಳನ್ನು ನೆಲೆಗೊಳಿಸುವ ಕಲೆ ಎಂಬ ಭಾಗವೇ ಇದೆ. ನಮ್ಮ 'ಛಾಯಾಚಿತ್ರ' ಹರ್ಷೆಲ್‌ನ ಬೆಳಕನ್ನು ಬಿಟ್ಟು ಟಾಲ್ಬಟ್‌ನ ನೆರಳಿನ ಪಕ್ಕ ನಿಂತಿದೆ.

ಕನ್ನಡ ನಾಡಿನ ಆರಂಭದ ದೊಡ್ಡ ಚಿತ್ರಮಾಲೆಗಳು ಬಂದದ್ದೂ ಟಾಲ್ಬಟ್‌ನ ಕಾಗದದ ದಾರಿಯಲ್ಲೇ. 1851ರಲ್ಲಿ ಗಾಜಿನ ಮೇಲೆ ಹಸಿ ಕೊಲೋಡಿಯನ್ ಹಚ್ಚುವ ವಿಧಾನ ಬಂದಿತ್ತು, ಆದರೆ ಅದು ಒಣಗುವುದರೊಳಗೆ ಚಿತ್ರ ತೆಗೆದು ಎಬ್ಬಿಸಬೇಕು. ಇಲ್ಲಿನ ಸೆಕೆಗೆ ಅದು ಕಷ್ಟ. ಮೇಣ ಹಾಯಿಸಿದ ಕಾಗದವನ್ನಾದರೆ ಮುಂಚೆಯೇ ಸಿದ್ಧ ಮಾಡಿ ಹೊತ್ತೊಯ್ದು, ತೆಗೆದ ಮೇಲೆ ನಿಧಾನವಾಗಿ ತೊಳೆಯಬಹುದಿತ್ತು. 1854ರ ಕೊನೆಯಲ್ಲಿ ಮದ್ರಾಸ್ ಸೈನ್ಯದ ಲಿನಿಯಸ್ ಟ್ರೈಪ್ ಹಳೇಬೀಡು, ಬೇಲೂರುಗಳ ದೇವಾಲಯಗಳನ್ನು ಹಾಗೆ ತೆಗೆದು ಮರುವರ್ಷ ಮದ್ರಾಸಿನಲ್ಲಿ ಪ್ರದರ್ಶನಕ್ಕಿಟ್ಟ. 1856ರಲ್ಲಿ ಅದೇ ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯಲ್ಲಿ ದೊಡ್ಡ ಅಳತೆಯ ಸುಮಾರು 60 ಕಾಗದದ ನೆಗೆಟಿವ್‌ಗಳನ್ನು ಮಾಡಿದ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವು ತೆಗೆದ ಜಾಗಗಳನ್ನೇ ಹುಡುಕಿ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ವಿಠ್ಠಲ ದೇವಾಲಯದ ಕಲ್ಲಿನ ರಥದಲ್ಲಿ ಒಂದು ವ್ಯತ್ಯಾಸ ಕಾಣುತ್ತದೆ. ಗ್ರೀನ್‌ಲಾನ ಕಾಗದದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಹಂಪಿಯಲ್ಲಿ ಇಂದು ಅದು ಇಲ್ಲ.